ಲ್ಯಾಬ್ ಕೋಟು: ಕಾಟನ್ನೋ, ಟೆರಿಕಾಟೋ?

ಎಂ.ಎಸ್ಸಿ ಕೆಮಿಸ್ಟ್ರಿಗೆ ಸೀಟು ಸಿಕ್ಕ ಜೂನಿಯರ್‌ಗಳು ಮೊದಲು ವಿಚಾರಿಸುವುದು ಹಾಸ್ಟೆಲ್ ಊಟವನ್ನು, ಆಮೇಲೆ ಲ್ಯಾಬ್ ಕೋಟನ್ನು. ಊಟದ ವಿಷಯ ಬೇಡ ಬಿಡಿ. ಕೋಟಿನ ವಿಷಯದಲ್ಲಿ ಮಾತ್ರ ನನಗೆ ಅನುಮಾನವೇ ಇಲ್ಲ: ಕಾಟನ್ ಬಟ್ಟೆ ತಂದು ಟೈಲರ್ ಹತ್ತಿರ ಹೊಲಿಸಿಕೊಳ್ಳಿ. ರೆಡಿಮೇಡ್ ಟೆರಿಕಾಟ್ (ಪಾಲಿಯೆಸ್ಟರ್, ಹತ್ತಿ ಬೆರೆಸಿದ ಬಟ್ಟೆ) ಕೋಟೂ ನನ್ನ ಹತ್ತಿರ ಇದೆ. ಸೀನಿಯರ್ ಅಕ್ಕ ಬಿಟ್ಟುಹೋದ ಹಳೇ ಕೋಟನ್ನೂ ಕೆಲ ಕಾಲ ಹಾಕಿದ್ದೇನೆ. ಮೂರನ್ನೂ ಒಂದೇ ಬೆಂಚಿನ ಮುಂದೆ ಬಳಸಿ ನೋಡಿ ಹೇಳುತ್ತಿದ್ದೇನೆ.

ಹಳೇ ಕೋಟಿನ ಬಗ್ಗೆ ಒಂದೇ ಮಾತು. ಬಿಟ್ಟಿ ಸಿಗುತ್ತದೆ, ಆದರೆ ಅದರಲ್ಲಿ ಯಾರ ಯಾವ ಕೆಮಿಕಲ್ ಕೂತಿದೆಯೋ ದೇವರೇ ಬಲ್ಲ.

ದುಡ್ಡಿನ ಲೆಕ್ಕದಲ್ಲಿ ಟೆರಿಕಾಟೇ ಗೆಲ್ಲುತ್ತದೆ. ರೆಡಿಮೇಡ್‌ಗೆ ನಾನು ಕೊಟ್ಟಿದ್ದು 350 ರೂಪಾಯಿ. ಕಾಟನ್ ಕೋಟಿಗೆ ಡ್ರಿಲ್ ಬಟ್ಟೆ, ಹೊಲಿಗೆ ಎಲ್ಲ ಸೇರಿ 800 ದಾಟಿತು. ಮೈಸೂರಿನ ಸರಸ್ವತಿಪುರಂನಲ್ಲಿ ಹೊಲಿಸಿದ್ದು. ಟೈಲರ್ ಅಣ್ಣ ಮೊದಲು ಕೇಳಿದ್ದೇ "ಡಾಕ್ಟರ್ ಕೋಟಾ, ವಕೀಲರ ಕೋಟಾ?" ಅಂತ. ಎರಡೂ ಅಲ್ಲ ಎಂದು ಬಿಡಿಸಿ ಹೇಳಬೇಕಾಯಿತು: ತೋಳು ಮಣಿಕಟ್ಟಿನವರೆಗೂ ಬರಬೇಕು, ತುದಿ ಬಿಗಿಯಾಗಿರಬೇಕು, ಉದ್ದ ಮಂಡಿ ಮುಟ್ಟಬೇಕು, ಮುಂದೆ ಕಾಜಾ ಬೇಡ, ಟಿಚ್ ಬಟನ್ ಹಾಕಿ. ಮೈಮೇಲೆ ಏನಾದರೂ ಚೆಲ್ಲಿದರೆ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳಬೇಕು, ಅದಕ್ಕೆ. ಹೊಲಿಯಲು ಕೊಡುವ ಮೊದಲು ಬಟ್ಟೆಯನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿಡಿ. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಕುಗ್ಗಿ ತೋಳು ಗಿಡ್ಡವಾಗುತ್ತದೆ.

ಇನ್ನು ಕಾಟನ್‌ನ ಕಿರಿಕಿರಿ. ಇದನ್ನು ಮುಚ್ಚಿಡುವುದಿಲ್ಲ, ಏಕೆಂದರೆ ನನ್ನ ತಲೆ ಕೆಡಿಸಿದ್ದೇ ಇದು. ಹೊಸ ಕೋಟು ಮೊದಲ ಸಲ ಒಗೆದು ಒಣಗಿಸಿ ನೋಡಿದರೆ ಹೊಟ್ಟೆಯ ಹತ್ತಿರ ಸಾಲಾಗಿ ತೂತು. ಸಾಸಿವೆ ಕಾಳಿನಷ್ಟು ಸಣ್ಣವು, ಅಂಚು ಮೆತ್ತಗೆ, ಬೆರಳು ಆಡಿಸಿದರೆ ದಾರ ಪುಡಿಪುಡಿ. ಮನೆಯಲ್ಲಿ ಅಮ್ಮ "ಜಿರಲೆ ತಿಂದಿದೆ ನೋಡು" ಅಂದರು. ಟ್ರಂಕಿಗೆಲ್ಲ ನುಸಿಗುಳಿಗೆ ಬಿತ್ತು.

ಜಿರಲೆಯಲ್ಲ, ಅದು ಡೈಲ್ಯೂಟ್ (ನೀರು ಬೆರೆಸಿದ) ಸಲ್ಫ್ಯೂರಿಕ್ ಆ್ಯಸಿಡ್. ಪರ್ಮ್ಯಾಂಗನೇಟ್ ಟೈಟ್ರೇಶನ್ (ಹನಿ ಹನಿಯಾಗಿ ಬಿಟ್ಟು ಪ್ರಮಾಣ ಅಳೆಯುವ ಪ್ರಯೋಗ) ಮಾಡುವಾಗ ಪ್ರತಿ ಫ್ಲಾಸ್ಕಿಗೂ ಅದನ್ನು ಹಾಕುತ್ತೇವೆ ಅಲ್ವಾ? ಬೆಂಚಿನ ಮೇಲೆ ಎರಡು ಹನಿ ಬಿದ್ದಿರುತ್ತದೆ. ದೊಡ್ಡ ಬ್ಯಾಚು, ಅದು ಯಾರ ಹನಿಯೋ ಗೊತ್ತಾಗುವುದಿಲ್ಲ. ಬ್ಯುರೆಟ್ (ಅಳತೆ ಗೆರೆಯ ಗಾಜಿನ ಕೊಳವೆ) ಓದಲು ಬಗ್ಗಿದಾಗ ಹೊಟ್ಟೆ ಬೆಂಚಿಗೆ ತಾಗುತ್ತದೆ. ಬಟ್ಟೆ ಒದ್ದೆಯಾಗಿದ್ದೂ ತಿಳಿಯುವುದಿಲ್ಲ, ಬಣ್ಣವೂ ಇಲ್ಲ. ಆಮೇಲೆ ನೀರು ಆರಿ ಹೋಗುತ್ತದೆ, ಆ್ಯಸಿಡ್ ಆರುವುದಿಲ್ಲ. ಅಲ್ಲೇ ಉಳಿದು ಇನ್ನೂ ಸ್ಟ್ರಾಂಗ್ ಆಗುತ್ತಾ ಹೋಗುತ್ತದೆ. ಹತ್ತಿ ಅಂದರೆ ಸೆಲ್ಯುಲೋಸ್. ಅದರ ಉದ್ದ ಸರಪಳಿಯನ್ನು ಆ್ಯಸಿಡ್ ತುಂಡು ತುಂಡು ಮಾಡುತ್ತದೆ. ಇಸ್ತ್ರಿ ಪೆಟ್ಟಿಗೆಯ ಬಿಸಿ ಬಿದ್ದರೆ ಕೆಲಸ ಇನ್ನೂ ಬೇಗ. ಒಗೆಯುವಾಗ ಸತ್ತ ದಾರ ಉದುರುತ್ತದೆ, ತೂತು ಕಾಣುತ್ತದೆ. ಹೈಡ್ರೋಕ್ಲೋರಿಕ್ ಆ್ಯಸಿಡ್ ಇಷ್ಟು ಕಾಟ ಕೊಡುವುದಿಲ್ಲ. ಅದರಲ್ಲಿರುವುದು ಗ್ಯಾಸ್, ಬಹುಪಾಲು ಹಾರಿ ಹೋಗುತ್ತದೆ.

ಟೆರಿಕಾಟಿನಲ್ಲಿ ಈ ತಲೆನೋವು ಕಡಿಮೆ. ಸಾಮಾನ್ಯವಾಗಿ ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಪಾಲಿಯೆಸ್ಟರ್, ಡೈಲ್ಯೂಟ್ ಆ್ಯಸಿಡ್‌ಗೆ ಅದು ಜಗ್ಗುವುದಿಲ್ಲ. ಹತ್ತಿಯ ಪಾಲು ಮಾತ್ರ ಹೋಗಿ ಬಟ್ಟೆ ಆ ಜಾಗದಲ್ಲಿ ತೆಳ್ಳಗಾಗುತ್ತದೆ, ತೂತು ಬೀಳುವುದಿಲ್ಲ. ನನಗೀಗ ಒಂದು ಅಭ್ಯಾಸ ಆಗಿದೆ. ಲ್ಯಾಬ್ ಮುಗಿದ ತಕ್ಷಣ ಕೋಟಿನ ಮುಂಭಾಗ, ತೋಳಿನ ತುದಿ ಎರಡನ್ನೂ ನಲ್ಲಿ ನೀರಿನಲ್ಲಿ ಹಿಂಡುತ್ತೇನೆ. ಹಾಸ್ಟೆಲ್‌ಗೆ ಬಂದು ಅಡುಗೆ ಸೋಡಾ ಕದಡಿದ ನೀರಿನಲ್ಲಿ ಅದ್ದುತ್ತೇನೆ. ಆಮೇಲೆ ಹೊಸ ತೂತು ಬಿದ್ದಿಲ್ಲ. ಇಷ್ಟು ಮಾಡಲು ಬೇಜಾರು ಅನ್ನುವವರು ಕಾಟನ್ ಕಡೆ ಬರಬೇಡಿ.

ಹಾಗಾದರೆ ಕಾಟನ್ ಯಾಕೆ? ಬೆಂಕಿ. ಬೊರಾಕ್ಸ್ ಬೀಡ್ ಟೆಸ್ಟಿಗೆ (ಲೋಹ ಗುರುತಿಸಲು ಬೊರಾಕ್ಸ್ ಕಾಯಿಸಿ ನೋಡುವ ಪರೀಕ್ಷೆ) ಬಳಸಿದ ಪ್ಲಾಟಿನಂ ತಂತಿ ಕಾದಿದ್ದಾಗ ಎರಡೂ ಕೋಟಿನ ತೋಳಿಗೆ ತಾಗಿದೆ, ಬೇರೆ ಬೇರೆ ದಿನ. ಕಾಟನ್ ಮೇಲೆ ಕಂದು ಗೆರೆ ಬಿತ್ತು, ಅಷ್ಟೇ. ಟೆರಿಕಾಟಿನಲ್ಲಿ ತೂತೇ ಬಿತ್ತು. ಅದರ ಸುತ್ತ ಕಪ್ಪಗೆ, ಹೊಳೆಯುವ ಗಟ್ಟಿ ಅಂಚು, ಉಗುರಿಗೂ ಏಳುವುದಿಲ್ಲ. ಪಾಲಿಯೆಸ್ಟರ್ ಸುಮಾರು 260 ಡಿಗ್ರಿಗೆ ಕರಗುತ್ತದೆ. ಕರಗಿದ್ದು ಚರ್ಮದ ಮೇಲೆ ಬಿದ್ದರೆ ಅಂಟಿಕೊಂಡು ಸುಡುತ್ತಲೇ ಇರುತ್ತದೆ. ಕಾಟನ್ನಿಗೂ ಬೆಂಕಿ ಹತ್ತುತ್ತದೆ, ಅದು ಫೈರ್‌ಪ್ರೂಫ್ ಏನಲ್ಲ. ಆದರೆ ಕರಗಿ ಮೈಗೆ ಮೆತ್ತಿಕೊಳ್ಳುವುದಿಲ್ಲ.

ಇದು ಸುಮ್ನೆ ಹೆದರಿಸುವ ಮಾತಲ್ಲ. ಅಮೆರಿಕದ ಯುಸಿಎಲ್‌ಎ ದೊಡ್ಡ ಸರ್ಕಾರಿ ವಿ.ವಿ. 2008ರ ಡಿಸೆಂಬರ್‌ನಲ್ಲಿ ಅಲ್ಲಿನ ಲ್ಯಾಬಿನಲ್ಲಿ ಶೆಹರ್‌ಬಾನೊ ಸಾಂಗ್‌ಜಿ ಎಂಬ 23 ವರ್ಷದ ಹುಡುಗಿ ಟರ್ಶಿಯರಿ ಬ್ಯುಟೈಲ್ ಲಿಥಿಯಂ ಅನ್ನು ಸಿರಿಂಜಿಗೆ ಎಳೆಯುತ್ತಿದ್ದಾಗ ಸಿರಿಂಜು ಕಳಚಿಕೊಂಡಿತು. ಗಾಳಿ ಸೋಕಿದರೆ ಸಾಕು, ತಾನಾಗಿ ಹೊತ್ತಿಕೊಳ್ಳುವ ದ್ರವ ಅದು. ಆಕೆ ಲ್ಯಾಬ್ ಕೋಟು ಹಾಕಿರಲಿಲ್ಲ. ಮೈಮೇಲಿದ್ದದ್ದು ಸಿಂಥೆಟಿಕ್ ಸ್ವೆಟರ್. ಮರುತಿಂಗಳು ತೀರಿಕೊಂಡರು. ನಮ್ಮ ಪ್ರಾಕ್ಟಿಕಲ್‌ನಲ್ಲಿ ಅಂಥ ದ್ರವ ಇರುವುದಿಲ್ಲ, ನಿಜ. ಆದರೆ ಬೇಗ ಬೆಂಕಿ ಹತ್ತುವ ಅಸಿಟೋನ್ ಇದೆ, ಈಥರ್ ಇದೆ, ಪಕ್ಕದವರ ಬರ್ನರ್ ಇದೆ.

ಕಲೆಗಳಲ್ಲಿ ಎರಡೂ ಸಮ ಸಮ. ಪರ್ಮ್ಯಾಂಗನೇಟ್ ಬಿದ್ದರೆ ಕಂದು ಕಲೆ, ನಿಂಬೆರಸ ಹಚ್ಚಿ ಉಜ್ಜಿದರೆ ಮಾಸುತ್ತದೆ. ಸಿಲ್ವರ್ ನೈಟ್ರೇಟ್ ಬಿಸಿಲು ಕಂಡು ಕಪ್ಪಾದರೆ ಸೋಪಿಗೆ ಹೋಗುವುದಿಲ್ಲ. ಕಾಟನ್ನಿಗೆ ಗಂಜಿ ಹಾಕುವ ಮನೆಯಾದರೆ ಮಾತ್ರ ಒಂದು ತಮಾಷೆ ಇದೆ. ತಾಮ್ರದ ಎಸ್ಟಿಮೇಶನ್ (ಎಷ್ಟಿದೆ ಎಂದು ಅಳೆಯುವ ಪ್ರಯೋಗ) ದಿನ ಅಯೋಡಿನ್ ಹನಿ ಬಿದ್ದಲ್ಲೆಲ್ಲ ಕೋಟು ಕಡುನೀಲಿ. ಗಂಜಿ ಅಂದರೆ ಸ್ಟಾರ್ಚೇ ತಾನೆ, ಅಯೋಡಿನ್ ತಾಗಿದರೆ ನೀಲಿಯಾಗುತ್ತದೆ. ಬ್ಯುರೆಟ್ಟಿನಲ್ಲಿರುವ ಹೈಪೋ (ಸೋಡಿಯಂ ಥಯೋಸಲ್ಫೇಟ್) ಎರಡು ಹನಿ ಬಿಟ್ಟರೆ ಕಣ್ಣೆದುರೇ ಬೆಳ್ಳಗಾಗುತ್ತದೆ.

ಸೆಕೆ? ಏಪ್ರಿಲ್ ಮಧ್ಯಾಹ್ನದ ಲ್ಯಾಬಿನಲ್ಲಿ ಟೆರಿಕಾಟ್ ಹಾಕಿ ನಿಂತು ನೋಡಿ, ಗೊತ್ತಾಗುತ್ತದೆ.

ಇಸ್ತ್ರಿಯ ವಿಷಯಕ್ಕೆ ಬಂದರೆ ಟೆರಿಕಾಟೇ ಮೇಲು. ಕೊಡವಿ ನೇತುಹಾಕಿದರೆ ಸಾಕು. ಕಾಟನ್ ಎರಡೇ ದಿನಕ್ಕೆ ಮುದುಡಿ ಹೋಗುತ್ತದೆ.

ವಾರದಲ್ಲಿ ನಾಲ್ಕು ದಿನ ಲ್ಯಾಬು, ಅದರಲ್ಲೂ ಆರ್ಗಾನಿಕ್ ಕಡೆ ಹೋಗುವ ಆಸೆ ಇದ್ದರೆ 800 ರೂಪಾಯಿ ಹೊಂದಿಸಿಕೊಳ್ಳಿ. ಎರಡು ವರ್ಷ ಬಾಳುತ್ತದೆ. ಬಿ.ಎಸ್ಸಿಯಲ್ಲಿ ವಾರಕ್ಕೊಂದು ಪ್ರಾಕ್ಟಿಕಲ್ ಇರುವವರು, ಮನೆಯಿಂದ ಬರುವ ದುಡ್ಡು ಬಸ್ ಪಾಸಿಗೇ ಸರಿಹೋಗುವವರು, ರೆಡಿಮೇಡ್ ತಗೊಂಡರೂ ತಪ್ಪಿಲ್ಲ. ತೋಳಿನ ತುದಿಗೆ ಎಲಾಸ್ಟಿಕ್ ಹಾಕಿಸಿ, ಬರ್ನರ್ ಹತ್ತಿರ ಹುಷಾರಾಗಿರಿ. ನನ್ನ ಟೆರಿಕಾಟ್ ಕೋಟಿಗೂ ಒಂದು ಕೆಲಸ ಸಿಕ್ಕಿದೆ: ವೈವಾ, ಅಂದರೆ ಮೌಖಿಕ ಪರೀಕ್ಷೆ. ಬೇರೆ ಊರಿಂದ ಬಂದ ಎಕ್ಸಾಮಿನರ್ ಮುಂದೆ ಹೊಟ್ಟೆಯ ಹತ್ತಿರ ಸಾಲಾಗಿ ತೂತಿರುವ ಕಾಟನ್ ಕೋಟಲ್ಲಿ ಹೋಗಿ ಕೂರುವುದಕ್ಕೆ ಆಗುತ್ತದಾ?