ಒಂದೇ ತಪ್ಪಿಗೆ ಒಂದೇ ಶಿಕ್ಷೆ: ಆಟದ ಸಮುದಾಯವೊಂದರಲ್ಲಿ ನಡೆಸಿ ನೋಡಿದ ನಾಲ್ಕು ಪದ್ಧತಿಗಳು

ಆನ್‌ಲೈನ್ ಆಟದ ಸಮುದಾಯಗಳಲ್ಲಿ ನಿಯಮ ಪಾಲನೆ ನೋಡಿಕೊಳ್ಳುವ ಮಾಡರೇಟರುಗಳ ಮೇಲೆ ಬರುವ ದೂರುಗಳನ್ನು ಗಮನಿಸಿದರೆ, ಶಿಕ್ಷೆ ಕಠಿಣವಾಯಿತು ಎಂದು ಗೊಣಗುವವರು ಕಡಿಮೆ. "ಅವನು ಅದೇ ಮಾತು ಆಡಿದಾಗ ಕಣ್ಣು ಮುಚ್ಚಿಕೊಂಡಿದ್ದಿರಿ, ನಾನು ಆಡಿದಾಗ ಮಾತ್ರ ಮ್ಯೂಟ್ ಮಾಡಿದಿರಿ" ಎನ್ನುವವರೇ ಹೆಚ್ಚು. ಬ್ಲಾಕುಗಳಿಂದ ಕಟ್ಟಿ ಆಡುವ ಮೈನ್‌ಕ್ರಾಫ್ಟ್ ಆಟದ ಸರ್ವರ್ ಒಂದನ್ನೂ, ಡಿಸ್ಕಾರ್ಡ್ ಎಂಬ ಚಾಟ್ ತಾಣದಲ್ಲಿ ಅದರ ಆಟಗಾರರು ಸೇರುವ ಬಳಗವನ್ನೂ ನೋಡಿಕೊಳ್ಳುವ ತಂಡದಲ್ಲಿ ನಾನಿದ್ದೇನೆ. ಈ ದೂರಿಗೆ ಪರಿಹಾರ ಹುಡುಕುತ್ತ ನಾವು ನಾಲ್ಕು ಪದ್ಧತಿಗಳನ್ನು ಒಂದಾದ ಮೇಲೊಂದರಂತೆ ನಡೆಸಿ ನೋಡಿದ್ದೇವೆ: ಮಾಡರೇಟರರ ವಿವೇಚನೆಗೆ ಬಿಡುವುದು, ಬಾಟ್ (ತಾನಾಗಿ ಕೆಲಸ ಮಾಡುವ ತಂತ್ರಾಂಶ) ಸಂದೇಶಗಳನ್ನು ಸೋಸುವುದು, ಅಂಕಗಳ ಪಟ್ಟಿ, ಮತ್ತು ಆಟಗಾರರದೇ ಪಂಚಾಯಿತಿ. ಇವುಗಳನ್ನು ಅಳೆಯಲು ನಾನು ಎರಡು ಪ್ರಶ್ನೆಗಳನ್ನು ಇಟ್ಟುಕೊಂಡಿದ್ದೇನೆ. ಒಂದೇ ಪ್ರಕರಣವನ್ನು ಇಬ್ಬರು ಬೇರೆಬೇರೆಯಾಗಿ ನೋಡಿದರೆ ಒಂದೇ ತೀರ್ಮಾನಕ್ಕೆ ಬರುತ್ತಾರೆಯೇ? ಶಿಕ್ಷೆಗೆ ಒಳಗಾದವರು, ಒಪ್ಪದಿದ್ದರೂ, ಅದು ಏಕೆ ಬಂತೆಂದು ಅರ್ಥ ಮಾಡಿಕೊಳ್ಳಬಲ್ಲರೇ?

ಹೋಲಿಕೆಗೆ ಇಳಿಯುವ ಮೊದಲು ಒಂದು ವಿಂಗಡಣೆ ಅಗತ್ಯ. ಇನ್ನೊಬ್ಬರು ಕಟ್ಟಿದ್ದನ್ನು ಒಡೆದುಹಾಕುವ ಗ್ರೀಫಿಂಗ್ ಪ್ರಕರಣಗಳಲ್ಲಿ ನಾಲ್ಕೂ ಪದ್ಧತಿಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಸರ್ವರ್‌ಗೆ ಜೋಡಿಸುವ ಕೋರ್‌ಪ್ರೊಟೆಕ್ಟ್ ಎಂಬ ಪ್ಲಗಿನ್ ಯಾವ ಬ್ಲಾಕನ್ನು ಯಾರು ಯಾವಾಗ ಇಟ್ಟರು, ಯಾರು ಒಡೆದರು, ಯಾವ ಪೆಟ್ಟಿಗೆಯಿಂದ ಏನನ್ನು ತೆಗೆದರು ಎಂಬುದನ್ನೆಲ್ಲ ದಾಖಲಿಸುತ್ತದೆ. ಗೋಡೆಯಿದ್ದ ಜಾಗವನ್ನು ಕ್ಲಿಕ್ ಮಾಡಿದರೆ ಒಡೆದವರ ಹೆಸರು ಬರುತ್ತದೆ, ಒಂದು ಕಮಾಂಡ್ ಕೊಟ್ಟರೆ ಗೋಡೆಯೇ ಮರಳಿ ಬರುತ್ತದೆ. ಹೆಸರು ಖಚಿತವಾಗಿ, ಹಾನಿಯೂ ಸರಿಹೋಗುವ ಕಡೆ ಯಾವ ಪದ್ಧತಿಯಾದರೂ ನಡೆಯುತ್ತದೆ. ಚಾಟ್‌ನಲ್ಲಿ ಆಡಿದ ಮಾತಿಗೆ ಹೀಗೆ ಮೊದಲಿನಂತೆ ಮಾಡುವ ರೋಲ್‌ಬ್ಯಾಕ್ ಇಲ್ಲ. ಆಡಿದವರು ಯಾರೆಂದು ಲಾಗ್ ಹೇಳುತ್ತದೆಯೇ ಹೊರತು, ಆಡಿದ್ದು ತಮಾಷೆಗೋ ಕೆಣಕುವುದಕ್ಕೋ ಎಂಬುದನ್ನು ಹೇಳುವುದಿಲ್ಲ. ಆದ್ದರಿಂದ ಮುಂದಿನದೆಲ್ಲ ಬೈಗುಳ, ಹೀಯಾಳಿಕೆ ಮತ್ತು ಕಿರುಕುಳದ ಪ್ರಕರಣಗಳಿಗೆ ಸಂಬಂಧಿಸಿದ್ದು.

ವಿವೇಚನೆಯ ಪದ್ಧತಿಯಲ್ಲಿ ಲಿಖಿತ ನಿಯಮ ಒಂದೇ ಸಾಲಿನದು: ಪರಸ್ಪರ ಗೌರವದಿಂದ ನಡೆದುಕೊಳ್ಳಿ. ಉಳಿದದ್ದು ಆ ಹೊತ್ತಿಗೆ ಹಾಜರಿದ್ದ ಮಾಡರೇಟರಿಗೆ ಬಿಟ್ಟದ್ದು. ಇದರಷ್ಟು ಚುರುಕಾದ ಪದ್ಧತಿ ಇನ್ನೊಂದಿಲ್ಲ, ಸಂದರ್ಭವನ್ನು ಇದರಷ್ಟು ಚೆನ್ನಾಗಿ ಹಿಡಿಯುವುದೂ ಇಲ್ಲ. ಆದರೆ ಒಂದು ಸಂಜೆ ಇಬ್ಬರು ಆಟಗಾರರು ಬೇರೆಬೇರೆ ಚಾನೆಲ್‌ಗಳಲ್ಲಿ ಹೆಚ್ಚುಕಡಿಮೆ ಒಂದೇ ವಾಕ್ಯ ಬರೆದರು: "ಆಡಲು ಬರದಿದ್ದರೆ ಆಟ ಡಿಲೀಟ್ ಮಾಡಿ ಮಲಗು." ಬರೆದವರಲ್ಲಿ ಒಬ್ಬರು ಸರ್ವರ್‌ನ ಅರ್ಧ ಊರನ್ನೇ ಕಟ್ಟಿಕೊಟ್ಟ ಹಳಬರು; ಅವರಿಗೆ ಮಾಡರೇಟರ್ ನಗುವ ಇಮೋಜಿ ಒತ್ತಿದರು. ಇನ್ನೊಬ್ಬರು ಅದೇ ವಾರ ಸೇರಿದವರು; ಅವರಿಗೆ ಬೇರೊಬ್ಬ ಮಾಡರೇಟರ್ ಒಂದು ದಿನದ ಟೈಮ್‌ಔಟ್ (ಮಾತಾಡದಂತೆ ತಾತ್ಕಾಲಿಕ ತಡೆ) ಕೊಟ್ಟರು. ಇಬ್ಬರೂ ಮಾಡರೇಟರುಗಳು ಪ್ರಾಮಾಣಿಕರೇ, ಇಬ್ಬರ ಬಳಿಯೂ ಕಾರಣವಿತ್ತು, ಬಿಡಿಯಾಗಿ ಕೇಳಿದರೆ ಎರಡು ಕಾರಣಗಳೂ ಒಪ್ಪುವಂಥವೇ. ಎರಡನ್ನೂ ಅಕ್ಕಪಕ್ಕ ಇಟ್ಟಾಗ ಮಾತ್ರ ಸಮರ್ಥಿಸಿಕೊಳ್ಳಲು ಏನೂ ಉಳಿಯಲಿಲ್ಲ. ಪಕ್ಷಪಾತ ಎಂದರೆ ಬೇಕೆಂದೇ ಮಾಡುವುದು ಎಂದು ನಾವು ಭಾವಿಸುತ್ತೇವೆ; ಇಲ್ಲಿ ಕೆಲಸ ಮಾಡಿದ್ದು ಬರಿಯ ಪರಿಚಯ.

ಬಾಟ್‌ಗೆ ಪರಿಚಯವಿಲ್ಲ ಎಂಬುದೇ ಅದರ ಆಕರ್ಷಣೆ. ಡಿಸ್ಕಾರ್ಡ್ 2022ರಲ್ಲಿ ಆಟೋಮಾಡ್ ಎಂಬ ಸೌಲಭ್ಯವನ್ನು ತಂದಿತು. ನಿಷೇಧಿತ ಪದಗಳ ಪಟ್ಟಿ ಕೊಟ್ಟರೆ ಅದು ಸಂದೇಶವನ್ನು ತಡೆಯಬಲ್ಲದು, ಮಾಡರೇಟರುಗಳ ಚಾನೆಲ್‌ಗೆ ಸುದ್ದಿ ಮುಟ್ಟಿಸಬಲ್ಲದು, ಬರೆದವರಿಗೆ ಟೈಮ್‌ಔಟ್ ಕೊಡಬಲ್ಲದು. ನನ್ನ ಮೊದಲ ಪ್ರಶ್ನೆಯಲ್ಲಿ ಅದಕ್ಕೆ ಪೂರ್ಣ ಅಂಕ: ಹಳಬರು ಹೊಸಬರು ಎಂಬ ಭೇದವಿಲ್ಲದೆ ಒಂದೇ ಪದಕ್ಕೆ ಒಂದೇ ಫಲ. ಎರಡನೆಯ ಪ್ರಶ್ನೆಯಲ್ಲಿ ಅದು ಎಡವಿತು. ಕೊಲ್ಲುವುದೇ ಆಟದ ಭಾಗವಾಗಿರುವ ಕಡೆ "ಬಾಗಿಲ ಹತ್ತಿರ ಬಂದರೆ ಕೊಲ್ಲುತ್ತೇನೆ" ಎಂಬುದು ತಂಡಕ್ಕೆ ಹೇಳುವ ಯೋಜನೆ. ಬಾಟ್‌ಗೆ ಅದು ಬೆದರಿಕೆ. ಬೈಯಲೇಬೇಕೆಂದು ಹೊರಟವರು ಅಕ್ಷರಗಳ ನಡುವೆ ಚುಕ್ಕೆಯಿಟ್ಟು ಬೈದರು. ಇದಕ್ಕಿಂತ ಕೆಟ್ಟದ್ದೆಂದರೆ, ಒಬ್ಬ ಆಟಗಾರ ಚಾಟ್‌ಗೆ ಬಂದಾಗಲೆಲ್ಲ "ಬಂದರು ನಮ್ಮ ಮಹಾಪಂಡಿತರು, ಎಲ್ಲರೂ ಎದ್ದು ನಿಲ್ಲಿ" ಎಂದು ಬರೆಯುತ್ತಿದ್ದವರ ಮೇಲೆ ಯಾವ ಪಟ್ಟಿಯೂ ಕೈಯಿಡಲಾಗಲಿಲ್ಲ, ಏಕೆಂದರೆ ಆ ವಾಕ್ಯದಲ್ಲಿ ಕೆಟ್ಟ ಪದವೇ ಇಲ್ಲ. ಇನ್ನೊಂದು ಸಂಗತಿಯನ್ನು ಬಹಳ ಜನ ಗಮನಿಸುವುದಿಲ್ಲ: ಸರ್ವರ್ ನಿರ್ವಹಣೆಯ ಅಧಿಕಾರ ಇರುವವರಿಗೆ ಆಟೋಮಾಡ್ ನಿಯಮಗಳು ಅನ್ವಯಿಸುವುದೇ ಇಲ್ಲ. ಆಟಗಾರರು ಬರೆದರೆ ತಡೆಯಲ್ಪಡುವ ಪದವನ್ನು ಅಡ್ಮಿನ್ ಬರೆದರೆ ಅದು ಹಾಗೆಯೇ ಪ್ರಕಟವಾಗುತ್ತದೆ, ಎಲ್ಲರೂ ಅದನ್ನು ನೋಡುತ್ತಾರೆ. ಲಿಂಕ್‌ಗಳ ಸುರಿಮಳೆ, ಸ್ಪ್ಯಾಮ್, ಹತ್ತಾರು ಜನರನ್ನು ಒಮ್ಮೆಲೇ ಟ್ಯಾಗ್ ಮಾಡುವ ಚಾಳಿ, ಇಂಥವುಗಳಿಗೆ ನಾವು ಬಾಟನ್ನು ಈಗಲೂ ಉಳಿಸಿಕೊಂಡಿದ್ದೇವೆ; ಅದಕ್ಕಿಂತ ಹೆಚ್ಚಿನ ಜವಾಬ್ದಾರಿಯನ್ನು ಕೊಟ್ಟಿಲ್ಲ.

ಅಂಕಗಳ ಪಟ್ಟಿಯ ಮೇಲೆ ನನಗೆ ಬಹಳ ಭರವಸೆಯಿತ್ತು. ಸ್ಪ್ಯಾಮ್‌ಗೆ 1, ಹೀಯಾಳಿಕೆಗೆ 2, ಕಿರುಕುಳಕ್ಕೆ 5. ಒಟ್ಟು 5 ಆದರೆ ಒಂದು ವಾರ ಟೈಮ್‌ಔಟ್, 10 ಆದರೆ ಬ್ಯಾನ್. 90 ದಿನ ತಪ್ಪಿಲ್ಲದೆ ಕಳೆದರೆ ಹಳೆಯ ಅಂಕಗಳು ಅಳಿಯುತ್ತವೆ. ಹಂತಹಂತವಾಗಿ ಏರುವ ಶಿಕ್ಷೆಯ ಈ ಕಲ್ಪನೆ ಆಟಗಳ ಲೋಕದ್ದಲ್ಲ. ನೀರಾವರಿ, ಹುಲ್ಲುಗಾವಲು, ಮೀನುಗಾರಿಕೆಗಳನ್ನು ಜನರು ತಾವೇ ಹಂಚಿಕೊಂಡು ಕಾಪಾಡುವ ಬಗೆಯನ್ನು ಅಧ್ಯಯನ ಮಾಡಿ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನರ್ ಆಸ್ಟ್ರಮ್, ದೀರ್ಘಕಾಲ ಬಾಳಿದ ವ್ಯವಸ್ಥೆಗಳ ಲಕ್ಷಣಗಳಲ್ಲಿ ಇದನ್ನೂ ಒಂದಾಗಿ ಗುರುತಿಸಿದ್ದರು. ನಮ್ಮಲ್ಲೂ ಅದರ ಫಲ ಬೇಗ ಕಾಣಿಸಿತು: ಟೈಮ್‌ಔಟ್ ಆದವರು ವಾದಿಸುವುದು ಕಡಿಮೆಯಾಯಿತು, ಏಕೆಂದರೆ ಲೆಕ್ಕ ಅವರ ಕಣ್ಣೆದುರೇ ಇತ್ತು.

ಅದೇ ಲೆಕ್ಕ ಎರಡು ತೊಂದರೆಗಳನ್ನೂ ತಂದಿತು. ಮೊದಲನೆಯದು ನಿರೀಕ್ಷಿತವೇ: ಕೆಲವರು ಅಂಕ ಎಣಿಸಿಕೊಂಡು ಬೈಯತೊಡಗಿದರು. ಎಂಟಕ್ಕೆ ಬಂದು ನಿಂತು, 90 ದಿನ ತೆಪ್ಪಗಿದ್ದು, ಪುಸ್ತಕ ಖಾಲಿಯಾದ ಮೇಲೆ ಮತ್ತೆ ಶುರು. ಎರಡನೆಯದು ಗೊತ್ತಾದದ್ದು ಪರೀಕ್ಷೆ ಮಾಡಿದ ಮೇಲೆ. ತೀರ್ಮಾನವಾದ ಕೆಲವು ಹಳೆಯ ಪ್ರಕರಣಗಳಿಂದ ಹೆಸರು ತೆಗೆದು, ಹಿಂದಿನ ತೀರ್ಮಾನವನ್ನೂ ತಿಳಿಸದೆ, ಆಗ ಅದನ್ನು ನೋಡದಿದ್ದ ಮಾಡರೇಟರಿಗೆ ಕೊಟ್ಟು ಅಂಕ ಹಾಕಿಸಿದೆವು. ಕೂಡುವ ಕಳೆಯುವ ಕೆಲಸದಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಯಾವ ಸಾಲಿಗೆ ಸೇರಿಸಬೇಕೆಂಬುದರಲ್ಲಿ ಇತ್ತು. ಮೇಲೆ ಹೇಳಿದ ಮಹಾಪಂಡಿತರ ವಾಕ್ಯವನ್ನು ಒಬ್ಬರು ಹೀಯಾಳಿಕೆ ಎಂದು 2 ಕೊಟ್ಟರೆ, ಇನ್ನೊಬ್ಬರು ಅದು ಪ್ರತಿದಿನ ನಡೆಯುತ್ತಿದೆಯೆಂದು ಕಿರುಕುಳಕ್ಕೆ ಸೇರಿಸಿ 5 ಕೊಟ್ಟರು. ಅಂದರೆ ವಿವೇಚನೆಯನ್ನು ಪಟ್ಟಿ ತೆಗೆದುಹಾಕಿರಲಿಲ್ಲ. ಶಿಕ್ಷೆಯ ಅಂಕಣದಿಂದ ತಪ್ಪಿನ ಅಂಕಣಕ್ಕೆ ದೂಡಿತ್ತು, ಅಷ್ಟೇ. ಇದಕ್ಕೆ ನಾವು ಕಂಡುಕೊಂಡ ಮದ್ದು ವ್ಯಾಖ್ಯಾನವನ್ನು ಉದ್ದ ಮಾಡುವುದಲ್ಲ, ಪ್ರತಿ ಸಾಲಿನ ಕೆಳಗೆ ಹಿಂದೆ ತೀರ್ಮಾನವಾದ ಎರಡು ಮೂರು ಪ್ರಕರಣಗಳನ್ನು ಹೆಸರಿಲ್ಲದೆ, ಮೂಲ ವಾಕ್ಯಗಳ ಸಮೇತ ಇಡುವುದು. ಹೊಸದು ಬಂದಾಗ "ಇದು ಯಾವುದರಂತಿದೆ?" ಎಂದು ಕೇಳಿಕೊಳ್ಳುವುದು "ಇದು ಕಿರುಕುಳವೇ?" ಎಂದು ಕೇಳಿಕೊಳ್ಳುವುದಕ್ಕಿಂತ ಎಷ್ಟೋ ಸುಲಭ, ಆಮೇಲಿನ ಪರೀಕ್ಷೆಗಳಲ್ಲಿ ಉತ್ತರಗಳೂ ಹತ್ತಿರ ಬಂದವು.

ಆಟಗಾರರೇ ತೀರ್ಪು ಕೊಡುವ ಪದ್ಧತಿಗೆ ದೊಡ್ಡ ಆಟಗಳಲ್ಲಿ ಇತಿಹಾಸವಿದೆ. ಲೀಗ್ ಆಫ್ ಲೆಜೆಂಡ್ಸ್‌ನಲ್ಲಿ 2011ರಲ್ಲಿ ಟ್ರಿಬ್ಯುನಲ್ ಎಂಬ ವ್ಯವಸ್ಥೆ ಬಂತು. ದೂರಿಗೆ ಒಳಗಾದ ಆಟಗಾರರ ಚಾಟ್ ಲಾಗ್ ಓದಿ ಶಿಕ್ಷಿಸಬೇಕೇ ಕ್ಷಮಿಸಬೇಕೇ ಎಂದು ಉಳಿದ ಆಟಗಾರರು ಮತ ಹಾಕುತ್ತಿದ್ದರು. 2014ರಲ್ಲಿ ಅದನ್ನು ನಿಲ್ಲಿಸಲಾಯಿತು. ಕೌಂಟರ್ ಸ್ಟ್ರೈಕ್‌ನಲ್ಲಿ 2013ರಲ್ಲಿ ಬಂದ ಓವರ್‌ವಾಚ್ ಎಂಬ ವ್ಯವಸ್ಥೆ ಬೇರೆ ದಾರಿ ಹಿಡಿಯಿತು: ನೋಡುವವರಿಗೆ ಪಂದ್ಯದ ಒಂದು ತುಣುಕು ಸಿಗುತ್ತಿತ್ತು, ಆರೋಪಿಯ ಹೆಸರಿರುತ್ತಿರಲಿಲ್ಲ, ಚಾಟ್ ಮತ್ತು ಧ್ವನಿಯೂ ಇರುತ್ತಿರಲಿಲ್ಲ, ಸಂಶಯಕ್ಕೆ ಎಡೆಯಿಲ್ಲದಷ್ಟು ಸ್ಪಷ್ಟ ಅಥವಾ ಸಾಕ್ಷ್ಯ ಸಾಲದು, ಇವೆರಡರಲ್ಲೊಂದನ್ನು ಆರಿಸಬೇಕಿತ್ತು. ಈ ಎರಡನೆಯ ವಿನ್ಯಾಸ ನನಗೆ ಹೆಚ್ಚು ಹಿಡಿಸಿತು, ಏಕೆಂದರೆ ಅದರಲ್ಲಿ ಸುಮ್ಮನೆ ಕ್ಷಮಿಸುವ ಅವಕಾಶವಿರಲಿಲ್ಲ; ಸಾಕ್ಷ್ಯದ ಬಗ್ಗೆ ಮಾತ್ರ ಮಾತಾಡಬೇಕಿತ್ತು.

ನಮ್ಮ ಪಂಚಾಯಿತಿ ಇದರ ಕಿರಿಯ ರೂಪ. ದೂರಿನಲ್ಲಿ ಭಾಗಿಯಾಗದ ಐದು ಆಟಗಾರರನ್ನು ಚೀಟಿ ಎತ್ತಿದಂತೆ ಆರಿಸಿ, ಹೆಸರು ಅಳಿಸಿದ ಕಡತವನ್ನು ಕಳಿಸುತ್ತಿದ್ದೆವು. ಮೊದಮೊದಲು ಸ್ಕ್ರೀನ್‌ಶಾಟ್‌ಗಳಲ್ಲಿ ಹೆಸರಿನ ಮೇಲೆ ಕಪ್ಪು ಪಟ್ಟಿ ಎಳೆದರೂ ಗುಟ್ಟು ಉಳಿಯಲಿಲ್ಲ: ಹಿಂದೆ ಕಾಣುವ ಕೋಟೆಯ ತುದಿಯಲ್ಲಿ ನೇರಳೆ ಗಾಜಿನ ಸಾಲನ್ನು ನೋಡಿದ ಕೂಡಲೇ ಅದು ಯಾರ ಮನೆಯೆಂದು ಎಲ್ಲರಿಗೂ ತಿಳಿಯುತ್ತಿತ್ತು. ಚಿತ್ರ ಬಿಟ್ಟು ಬರಿಯ ಪಠ್ಯ ಕಳಿಸಿದಾಗ ತೀರ್ಪುಗಳ ಬಣ್ಣವೇ ಬದಲಾಯಿತು, ಅದರಲ್ಲೂ ಹಳಬರ ವಿಷಯದಲ್ಲಿ. ಐವರ ಮಾತನ್ನು ಸೋತವರೂ ಮಾಡರೇಟರರ ಮಾತಿಗಿಂತ ಬೇಗ ಒಪ್ಪಿಕೊಂಡರು. ನ್ಯಾಯ ನಡೆದಿದೆ ಎಂಬ ಭಾವನೆ ಬೆಳೆಸುವುದರಲ್ಲಿ ಇದಕ್ಕೆ ಸಾಟಿಯಿಲ್ಲ. ಆದರೆ ನಿಧಾನ. ಐವರೂ ಓದಿ ಉತ್ತರಿಸುವ ಹೊತ್ತಿಗೆ ಕಿರುಕುಳ ಅನುಭವಿಸುತ್ತಿದ್ದವರು ಸರ್ವರ್ ಬಿಟ್ಟುಹೋದ ಉದಾಹರಣೆಯೂ ಇದೆ. ಕೆಲವು ಕಡತಗಳನ್ನಂತೂ ಯಾರಿಗೂ ತೋರಿಸಲಾಗುವುದಿಲ್ಲ: ಚಿಕ್ಕ ವಯಸ್ಸಿನವರಿಗೆ ಬಂದ ಖಾಸಗಿ ಸಂದೇಶಗಳನ್ನು ಐದು ಅಪರಿಚಿತರ ಮುಂದೆ ಹರಡುವುದು ಮೂಲ ಅಪರಾಧಕ್ಕೆ ಇನ್ನೊಂದನ್ನು ಸೇರಿಸಿದಂತೆ.

ಹಾಗಾದರೆ ಯಾವುದು ಮೇಲು? ನಾನು ನಡೆಸಿ ನೋಡಿದ ಮಟ್ಟಿಗೆ, ಮಾದರಿ ಪ್ರಕರಣಗಳಿರುವ ಅಂಕಗಳ ಪಟ್ಟಿಯನ್ನು ಮೊದಲ ತೀರ್ಮಾನಕ್ಕೂ, ಪಂಚಾಯಿತಿಯನ್ನು ಮೇಲ್ಮನವಿಗೂ ಇಟ್ಟುಕೊಳ್ಳುವುದು. ಮಾಡರೇಟರ್ ಕೂಡಲೇ ಕ್ರಮ ಕೈಗೊಳ್ಳುತ್ತಾರೆ, ಹಾಗಾಗಿ ಕಿರುಕುಳ ನಿಲ್ಲುತ್ತದೆ. ಒಪ್ಪದವರು ಮೇಲ್ಮನವಿ ಹಾಕಿದರೆ ಅದು ಮೊದಲು ತೀರ್ಮಾನಿಸಿದವರ ಕೈಗೆ ಮತ್ತೆ ಬರುವುದಿಲ್ಲ. ಖಾಸಗಿ ಸಂದೇಶಗಳ ಪ್ರಕರಣ ಮಾತ್ರ ಇನ್ನೊಬ್ಬ ಮಾಡರೇಟರಿಗೆ ಹೋಗುತ್ತದೆ. ದೊಡ್ಡ ಜಾಲತಾಣಗಳಿಗಾಗಿ 2018ರಲ್ಲಿ ರೂಪಿಸಿದ ಸಾಂಟಾ ಕ್ಲಾರಾ ತತ್ತ್ವಗಳು ಕೇಳಿದ್ದೂ ಮುಖ್ಯವಾಗಿ ಮೂರನ್ನು: ಎಷ್ಟು ಕ್ರಮ ಕೈಗೊಂಡಿರೆಂಬ ಅಂಕಿಸಂಖ್ಯೆ, ಕ್ರಮಕ್ಕೆ ಒಳಗಾದವರಿಗೆ ಕಾರಣ ಸಹಿತ ಸೂಚನೆ, ಮೇಲ್ಮನವಿಯ ದಾರಿ. ಸಣ್ಣ ಸರ್ವರ್‌ಗೆ ಮೂರೂ ಭಾರವಲ್ಲ. ಕಾರಣವನ್ನು ಒಂದೆರಡು ವಾಕ್ಯಗಳಲ್ಲಿ ಬರೆಯಬೇಕೆಂದು ಕಡ್ಡಾಯ ಮಾಡಿದ್ದರಿಂದಲೇ ಕೆಲವು ಮಾಡರೇಟರುಗಳು ಬರೆಯಲು ಕೂತು ಶಿಕ್ಷೆಯನ್ನು ಕೈಬಿಟ್ಟದ್ದುಂಟು. ದಾಖಲೆಯನ್ನು ನಮ್ಮದೇ ಕಡತದಲ್ಲಿ ಇಡುವುದು ಅನಿವಾರ್ಯ, ಏಕೆಂದರೆ ಕೈಗೊಂಡ ಕ್ರಮಗಳನ್ನು ಬರೆದಿಡುವ ಡಿಸ್ಕಾರ್ಡ್‌ನ ಆಡಿಟ್ ಲಾಗ್ 45 ದಿನಗಳಷ್ಟು ಹಿಂದಿನದನ್ನು ಮಾತ್ರ ಇಟ್ಟುಕೊಂಡಿರುತ್ತದೆ. ಮೂರು ತಿಂಗಳ ಬಳಿಕ ಬಂದ ಮೇಲ್ಮನವಿಗೆ ಅದರಲ್ಲಿ ಉತ್ತರ ಸಿಗುವುದಿಲ್ಲ.

ಹತ್ತಿಪ್ಪತ್ತು ಜನ ಗೆಳೆಯರ ಸರ್ವರ್‌ಗೆ ಇಷ್ಟೆಲ್ಲ ಬೇಕಿಲ್ಲ. ಅಲ್ಲಿ ಎಲ್ಲರಿಗೂ ಎಲ್ಲರ ಪರಿಚಯವಿರುವುದರಿಂದ ವಿವೇಚನೆಯೇ ಸಾಕು. ಅಪರಿಚಿತರು ಬಂದುಹೋಗುವ ಸರ್ವರ್‌ನಲ್ಲಿ ಪಟ್ಟಿಯಿಲ್ಲದೆ ಕೆಲಸ ಸಾಗದು. ಧ್ವನಿ ಚಾನೆಲ್‌ಗಳ ಪ್ರಶ್ನೆಗೆ ಮಾತ್ರ ನಾಲ್ಕರಲ್ಲಿ ಒಂದೂ ಉತ್ತರ ಕೊಡಲಿಲ್ಲ. ಅಲ್ಲಿ ಆಡಿದ ಮಾತಿನ ಲಾಗ್ ಉಳಿಯುವುದಿಲ್ಲ, ಎಲ್ಲರ ಮಾತನ್ನೂ ರೆಕಾರ್ಡ್ ಮಾಡಿಡಲು ನಮಗೆ ಮನಸ್ಸಿಲ್ಲ, ಹೆಸರು ಅಳಿಸಿದರೂ ಧ್ವನಿಯೇ ಗುರುತು ಕೊಡುತ್ತದೆ. ಸದ್ಯಕ್ಕೆ ಅಲ್ಲಿನ ದೂರಿಗೆ ಇಬ್ಬರು ಸಾಕ್ಷಿಗಳು ಬೇಕೆಂಬ ನಿಯಮವಿದೆ. ಒಬ್ಬರೇ ಇದ್ದಾಗ ಕಿರುಕುಳ ಕೊಡುವವರಿಗೆ ಅದೇ ಅನುಕೂಲವಾಗುತ್ತದೆಂದು ತಂಡದ ಅರ್ಧ ಜನ ಅದನ್ನು ಒಪ್ಪುವುದಿಲ್ಲ, ಅವರ ವಾದದಲ್ಲಿ ಹುರುಳಿದೆ.