ಜಾಮ್‌ನಲ್ಲೇ ಜಾಸ್ತಿ ಮೈಲೇಜ್: ಹೈರೈಡರ್ ಹೈಬ್ರಿಡ್ ಜೊತೆ ಎರಡು ವರ್ಷ

"ಚಾರ್ಜ್ ಎಲ್ಲಿ ಮಾಡುದು ಮಾರಾಯ?" ಪುತ್ತೂರಿಗೆ ಹೋದಾಗೆಲ್ಲ ಮಾವ ಕೇಳುವ ಪ್ರಶ್ನೆ ಇದು. ಗಾಡಿ ತಗೊಂಡು ಎರಡು ವರ್ಷವಾಯಿತು, ಇನ್ನೂ ಕೇಳುತ್ತಾರೆ. ಇದಕ್ಕೆ ಪ್ಲಗ್ಗೇ ಇಲ್ಲ ಮಾವ ಅಂದರೆ ನಂಬುವುದಿಲ್ಲ.

ನನ್ನದು ಟೊಯೋಟಾ ಹೈರೈಡರ್, ಸ್ಟ್ರಾಂಗ್ ಹೈಬ್ರಿಡ್, ಅಂದರೆ ಪೆಟ್ರೋಲ್ ಇಂಜಿನ್ ಇದ್ದೂ ಬೇಕಾದಾಗ ಬರೀ ಮೋಟಾರಿನಲ್ಲೂ ಓಡುವಂಥದ್ದು. ಬಿಡದಿಯಲ್ಲಿ ತಯಾರಾಗುವ ಗಾಡಿ. ಮೂರು ಸಿಲಿಂಡರಿನ 1.5 ಲೀಟರ್ ಪೆಟ್ರೋಲ್ ಇಂಜಿನ್, ಜೊತೆಗೆ ಒಂದು ಎಲೆಕ್ಟ್ರಿಕ್ ಮೋಟಾರ್, ಹಿಂದೆ 0.76 ಯೂನಿಟ್‌ನ ಪುಟ್ಟ ಬ್ಯಾಟರಿ. ಪೂರ್ತಿ ಎಲೆಕ್ಟ್ರಿಕ್ ಕಾರುಗಳಲ್ಲಿ 30, 45 ಯೂನಿಟ್ ಇರುತ್ತದೆ, ಅದರ ಮುಂದೆ ಇದು ಚಟಾಕು. ಆದರೆ ಇದರ ಕೆಲಸ ಕರೆಂಟನ್ನು ಕೂಡಿಡುವುದಲ್ಲ, ಈ ಕೈಯಲ್ಲಿ ತಗೊಂಡು ಆ ಕೈಯಲ್ಲಿ ಕೊಡುವುದು.

ಹಳೆ ಸೈಕಲ್ಲಿನ ಡೈನಮೋ ನೆನಪಿದೆಯಾ? ಚಕ್ರಕ್ಕೆ ತಾಗಿಸಿದರೆ ಲೈಟ್ ಉರಿಯುತ್ತಿತ್ತು, ಆದರೆ ತುಳಿಯುವುದು ಭಾರವಾಗುತ್ತಿತ್ತು. ಆ ಭಾರವೇ ಇಲ್ಲಿ ಬ್ರೇಕ್. ಕಾಲಿಟ್ಟ ಕೂಡಲೇ ಮೋಟಾರೇ ಡೈನಮೋ ಆಗುತ್ತದೆ, ಬೇರೆ ಕಾರುಗಳಲ್ಲಿ ಬ್ರೇಕ್ ಬಿಸಿಯಾಗಿ ಹೋಗುವ ಶಕ್ತಿ ಇಲ್ಲಿ ಬ್ಯಾಟರಿಗೆ ಬರುತ್ತದೆ, ಸಿಗ್ನಲ್ ಬಿಟ್ಟಾಗ ಅದರಲ್ಲೇ ಗಾಡಿ ಸದ್ದಿಲ್ಲದೆ ಮುಂದೆ ಸರಿಯುತ್ತದೆ. ಮೊದಲ ಸಲ ಕೂತಾಗ ಅಮ್ಮ "ಗಾಡಿ ಆಫ್ ಆಯ್ತಲ್ಲೋ" ಅಂತ ಗಾಬರಿಯಾಗಿದ್ದರು.

ಇಂಜಿನ್ನಿನದೂ ಒಂದು ಗುಟ್ಟಿದೆ. ಅಟ್ಕಿನ್‌ಸನ್ ಸೈಕಲ್ ಅನ್ನುವ ಬಗೆ ಇದು, ಪೆಟ್ರೋಲ್ ಉಳಿಸುತ್ತದೆ, ಆದರೆ ನಿಂತ ಗಾಡಿಯನ್ನು ಎಳೆಯುವುದರಲ್ಲಿ ಸ್ವಲ್ಪ ಸೋಮಾರಿ. ಮೋಟಾರಿಗೋ ನಿಂತ ಜಾಗದಿಂದ ಎಳೆಯುವುದೇ ಸುಲಭದ ಕೆಲಸ. ಒಬ್ಬರ ಕೊರತೆಯನ್ನು ಇನ್ನೊಬ್ಬರು ಮುಚ್ಚುತ್ತಾರೆ. ಟೊಯೋಟಾ 1997ರಲ್ಲಿ ಜಪಾನಿನಲ್ಲಿ ಪ್ರಿಯಸ್ ತಂದಾಗಿನಿಂದ ಇದೇ ಜೋಡಿ.

ಹಾಗಾಗಿ ಲೆಕ್ಕ ಉಲ್ಟಾ. ವಿಜಯನಗರದಿಂದ ವೈಟ್‌ಫೀಲ್ಡ್‌ಗೆ ಹೋಗಿಬರುವ ನನ್ನ ದಿನಗಳಲ್ಲಿ ಲೀಟರಿಗೆ 22, 23 ಸಿಗುತ್ತದೆ, ಹೈವೇಯಲ್ಲಿ 100ರ ಸ್ಪೀಡಿನಲ್ಲಿ ಓಡಿಸಿದರೆ 19. ಅಲ್ಲಿ ಬ್ರೇಕೇ ಹಾಕುವುದಿಲ್ಲವಲ್ಲ, ವಾಪಸ್ ಬರುವುದಾದರೂ ಏನು? ಕಂಪನಿ ಹೇಳುವ 27.97 ನನಗಂತೂ ಟ್ಯಾಂಕ್ ಲೆಕ್ಕದಲ್ಲಿ ಒಮ್ಮೆಯೂ ಬಂದಿಲ್ಲ, ಬರುತ್ತದೆ ಅಂತ ಕಾದಿದ್ದವನೂ ಅಲ್ಲ.

ಶಿರಾಡಿ ಘಾಟಿಯಲ್ಲಿ ಇದರ ಎರಡೂ ಮುಖ ಕಾಣುತ್ತವೆ. ಇಳಿಯುವಾಗ ಕೆಲವೇ ಕಿಲೋಮೀಟರಿಗೆ ಬ್ಯಾಟರಿ ತುಂಬಿಬಿಡುತ್ತದೆ. ಗೇರನ್ನು 'ಬಿ'ಗೆ ಹಾಕಿದರೆ ಪೆಟ್ರೋಲ್ ಸುಡದೆ ಇಂಜಿನ್ ಸುಮ್ನೆ ತಿರುಗಿ ಗಾಡಿಯನ್ನು ಹಿಡಿಯುತ್ತದೆ. ಆಗ ಸದ್ದು ಏರಿದರೆ ಏನೋ ಕೆಟ್ಟಿತು ಅಂದುಕೊಳ್ಳಬೇಡಿ. ಹತ್ತುವಾಗ ಲಾರಿ ದಾಟಲು ಪೂರ್ತಿ ಒತ್ತಿದಿರೋ, ಮೊದಲು ಕೂಗು, ಆಮೇಲೆ ವೇಗ. ಇ-ಸಿವಿಟಿ, ಅಂದರೆ ಗೇರಿನ ಹಂತಗಳೇ ಇಲ್ಲದ ಆಟೋಮ್ಯಾಟಿಕ್, ಅಂದ ಮೇಲೆ ಅದು ಇದ್ದದ್ದೇ.

ಈಗ ದುಡ್ಡಿನ ಮಾತು. ನಾನು ಮಾಮೂಲಿ ಪೆಟ್ರೋಲ್ ಮಾಡೆಲ್‌ಗಿಂತ ಸುಮಾರು 2.5 ಲಕ್ಷ ಜಾಸ್ತಿ ಕೊಟ್ಟೆ. ಊರೊಳಗೆ ಅದಕ್ಕೆ 12 ಸಿಗುತ್ತದೆ, ಇದಕ್ಕೆ 22 ಅಂತ ಇಟ್ಟುಕೊಳ್ಳಿ. ತಿಂಗಳಿಗೆ 1,000 ಕಿಲೋಮೀಟರ್ ಓಡಿಸಿದರೆ 38 ಲೀಟರ್ ಉಳಿಯಿತು, ಅಂದರೆ ಹತ್ತಿರ ಹತ್ತಿರ 4,000 ರೂಪಾಯಿ. ಜಾಸ್ತಿ ಕೊಟ್ಟದ್ದು ವಾಪಸ್ ಬರಲು ಐದು ವರ್ಷದ ಮೇಲೆ ಬೇಕು. ವಾರಕ್ಕೊಮ್ಮೆ ಗಾಡಿ ತೆಗೆಯುವವರು ಈ ಗೋಜಿಗೇ ಹೋಗಬೇಡಿ. ಬರೀ ಹೈವೇ ಓಡಿಸುವವರಿಗೂ ನಾನು ಬೇಡ ಅಂತಲೇ ಹೇಳುವುದು. ಮನೆಯಲ್ಲೇ ಚಾರ್ಜ್ ಮಾಡುವ ಅನುಕೂಲ ಇದ್ದಿದ್ದರೆ ನಾನೂ ಎಲೆಕ್ಟ್ರಿಕ್ ತಗೊಳ್ಳುತ್ತಿದ್ದೆ. ನಮ್ಮ ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನಲ್ಲಿ ಒಂದು ಪಾಯಿಂಟ್ ಹಾಕಿಸಲು ಮೂರು ಮೀಟಿಂಗ್ ಆಯಿತು, ನಾಲ್ಕನೆಯದಕ್ಕೆ ನಾನು ಹೋಗಲಿಲ್ಲ.

ಒಂದು ಎಚ್ಚರ. 'ಹೈಬ್ರಿಡ್' ಅನ್ನುವ ಪದ ನೋಡಿ ಮರುಳಾಗಬೇಡಿ. ಗಾಡಿ ಹುಡುಕುತ್ತಿದ್ದಾಗ ಒಂದು ಶೋರೂಮಿನ ಹುಡುಗ "ಎಲ್ಲ ಒಂದೇ ಸರ್" ಅಂತ ಮೈಲ್ಡ್ ಹೈಬ್ರಿಡ್ ಮಾಡೆಲ್ ಒಂದನ್ನು ಮಾರಲು ನೋಡಿದ. ಒಂದೇ ಅಲ್ಲ. ಅದರ ಪುಟ್ಟ ಮೋಟಾರ್ ಇಂಜಿನ್ನಿಗೆ ಸ್ವಲ್ಪ ಕೈಜೋಡಿಸುತ್ತದೆ, ಅಷ್ಟೇ. ಇಂಜಿನ್ ಆಫ್ ಮಾಡಿಕೊಂಡು ಬರೀ ಮೋಟಾರಿನಲ್ಲಿ ಓಡುವುದು ಅದರ ಕೈಲಾಗುವುದಿಲ್ಲ.

ಡಿಕ್ಕಿ ಚಿಕ್ಕದು, ಬ್ಯಾಟರಿ ಅಲ್ಲೇ ಕೂತಿರುವುದರಿಂದ 265 ಲೀಟರ್ ಮಾತ್ರ. ಊರಿಂದ ಬರುವಾಗ ತೆಂಗಿನಕಾಯಿ ಮೂಟೆ ಹಿಂದಿನ ಸೀಟಿನಲ್ಲಿ ಮಗಳ ಪಕ್ಕ ಕೂತು ಬರುತ್ತದೆ. ಬ್ಯಾಟರಿ ಕೆಟ್ಟರೆ ಗತಿ ಏನು ಅಂತ ಎಲ್ಲರೂ ಕೇಳುತ್ತಾರೆ, ಅದಕ್ಕೆ 8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್ ವಾರಂಟಿ ಇದೆ.

ಟೆಸ್ಟ್ ಡ್ರೈವ್‌ಗೆ ಮಾತ್ರ ಭಾನುವಾರ ಬೆಳಗ್ಗೆ ಖಾಲಿ ರಸ್ತೆಯಲ್ಲಿ ಹೋಗಬೇಡಿ. ಆಫೀಸು ಬಿಡುವ ಹೊತ್ತಿಗೆ, ಸಂಜೆ ಆರೂವರೆಗೆ ಕೇಳಿ. ಅವರು ಬೇಡ ಅಂತಾರೆ, ನೀವು ಬಿಡಬೇಡಿ.