ನೆನಪಿಡುವ ನಾಲ್ಕು ಸಾಧನ: ಅಳಿಸಿದರೆ ಯಾವುದು ನಿಜಕ್ಕೂ ಅಳಿಸುತ್ತದೆ?

ಪರದೆಯನ್ನು ಚಿತ್ರವಾಗಿ ಹಿಡಿದಿಡುವ ಮೈಕ್ರೋಸಾಫ್ಟ್ ರಿಕಾಲ್, ಕೊರಳಲ್ಲಿ ತೂಗುವ ರೆಕಾರ್ಡಿಂಗ್ ಪೆಂಡೆಂಟ್, ಚಾಟ್‌ಜಿಪಿಟಿಯ ಮೆಮೊರಿ, ಮತ್ತು ನಾವೇ ಬರೆದು ಎನ್‌ಕ್ರಿಪ್ಟ್ ಮಾಡಿಟ್ಟ (ಕೀಲಿಯಿಲ್ಲದೆ ಓದಲಾಗದಂತೆ ಬದಲಿಸಿಟ್ಟ) ಟಿಪ್ಪಣಿ. ಇವು ಎಷ್ಟು ಚೆನ್ನಾಗಿ ನೆನಪಿಡುತ್ತವೆ ಎಂಬ ವಿಮರ್ಶೆಗಳು ಬೇಕಾದಷ್ಟಿವೆ. ಇಲ್ಲಿ ಅಳೆದದ್ದು ಬೇರೆಯದನ್ನು: ಬೇಡ ಅಂದಾಗ ಎಷ್ಟು ಪೂರ್ತಿಯಾಗಿ ಮರೆಯುತ್ತವೆ, ಅಷ್ಟರೊಳಗೆ ಯಾರ ಕೈಗೆ ಸಿಗಬಹುದು.

ಅಳೆಯುವ ವಿಧಾನ ಯಾರಿಗಾದರೂ ಸಾಧ್ಯ. ಎಲ್ಲೂ ಇಲ್ಲದ ಒಂದು ಗುರುತುಪದ ಕಟ್ಟಿಕೊಳ್ಳಿ, ಉದಾಹರಣೆಗೆ 'ಗುಬ್ಬಿಲಂಕಾರು 4719'. ಪ್ರತಿ ಸಾಧನಕ್ಕೂ ಬೇರೆ ಪದವಿರಲಿ, ಆಗ ಯಾವ ದಾರಿಯಲ್ಲಿ ಸೋರಿತೆಂದು ತಿಳಿಯುತ್ತದೆ. ಪದವನ್ನು ಟೈಪ್ ಮಾಡಿ ಅಥವಾ ಉಚ್ಚರಿಸಿ, ಮರುದಿನ ಹುಡುಕಿ, ಅಳಿಸಿ, ಮತ್ತೆ ಹುಡುಕಿ. ಎರಡನೇ ಹುಡುಕಾಟ ಆಪ್ ಒಳಗೆ ಮಾತ್ರ ಸಾಲದು. ಖಾತೆಯ ಡೇಟಾ ಎಕ್ಸ್‌ಪೋರ್ಟ್, ಮೇಲ್, ಕ್ಯಾಲೆಂಡರ್, ಫೋನಿನ ಬ್ಯಾಕಪ್ ಎಲ್ಲವನ್ನೂ ಜಾಲಾಡಬೇಕು. ಪರೀಕ್ಷೆಗೆ ನಿಜವಾದ ಪಾಸ್‌ವರ್ಡ್, ಕಾರ್ಡ್ ಸಂಖ್ಯೆ ಬಳಸಬೇಡಿ.

ರಿಕಾಲ್

2024ರ ಮೇ ತಿಂಗಳಲ್ಲಿ ಘೋಷಣೆಯಾದಾಗ, ಪರದೆಯಿಂದ ಓದಿದ ಅಕ್ಷರಗಳೆಲ್ಲ ಬಳಕೆದಾರರ ಫೋಲ್ಡರಿನಲ್ಲೇ ಬೀಗವಿಲ್ಲದ ಎಸ್‌ಕ್ಯೂಲೈಟ್ ಡೇಟಾಬೇಸ್ ಕಡತದಲ್ಲಿದ್ದವು. ಅಲೆಕ್ಸಾಂಡರ್ ಹಗೆನಾ ಎಂಬ ಭದ್ರತಾ ತಜ್ಞರು 'ಟೋಟಲ್‌ರಿಕಾಲ್' ಎಂಬ ಪುಟ್ಟ ಟೂಲ್ ಬರೆದು, ಅದನ್ನು ಹೊರತೆಗೆಯುವುದು ಎಷ್ಟು ಸುಲಭವೆಂದು ತೋರಿಸಿದರು. ಬಿಡುಗಡೆ ಮುಂದೆ ಹೋಯಿತು. 2025ರ ಏಪ್ರಿಲ್‌ನಲ್ಲಿ ಎಐ ಕೆಲಸಕ್ಕೆಂದೇ ಚಿಪ್ ಇರುವ ಕೋಪೈಲಟ್ ಪ್ಲಸ್ ಕಂಪ್ಯೂಟರ್‌ಗಳಿಗೆ ಬಂದದ್ದರ ಒಳಗಿನ ರಚನೆಯೇ ಬೇರೆ. ನಾವಾಗಿ ಚಾಲೂ ಮಾಡದೆ ಅದು ಚಿತ್ರ ಉಳಿಸುವುದಿಲ್ಲ. ಚಿತ್ರಗಳನ್ನು ಕಂಪ್ಯೂಟರಿನೊಳಗಿನ ಟಿಪಿಎಂ ಎಂಬ ಭದ್ರತಾ ಚಿಪ್ ಕಾಯುವ ಕೀಲಿಯಿಂದ ಎನ್‌ಕ್ರಿಪ್ಟ್ ಮಾಡುತ್ತದೆ. ತೆರೆಯಲು ವಿಂಡೋಸ್ ಹಲೋ, ಅಂದರೆ ಮುಖ, ಬೆರಳಚ್ಚು ಅಥವಾ ಪಿನ್‌ನ ಗುರುತು ಬೇಕು.

ಪರೀಕ್ಷೆಯಲ್ಲಿ ನೋಟ್‌ಪ್ಯಾಡಿನ ಗುರುತುಪದ ಸಿಗುತ್ತದೆ. ಎಡ್ಜ್ ಬ್ರೌಸರಿನ ಇನ್‌ಪ್ರೈವೇಟ್ ಕಿಟಕಿಯದು ಸಿಗುವುದಿಲ್ಲ. ಸಿಗ್ನಲ್ ಆಪ್‌ನದೂ ಇಲ್ಲ, ಏಕೆಂದರೆ 2025ರ ಮೇನಿಂದ ಸಿಗ್ನಲ್ ತನ್ನ ವಿಂಡೋಸ್ ಕಿಟಕಿಗೆ ಸ್ಕ್ರೀನ್‌ಶಾಟ್ ತಡೆ ಹಾಕಿಕೊಂಡಿದೆ. ಒಂದು ಎಚ್ಚರಿಕೆ: ರಿಕಾಲ್ ಹುಡುಕಾಟ ಅರಿಯುವ ಭಾಷೆಗಳು ಕೆಲವೇ, ಕನ್ನಡ ಅವುಗಳಲ್ಲಿಲ್ಲ. ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಿರಿ. ಕನ್ನಡದಲ್ಲಿ ಬರೆದದ್ದು ಹುಡುಕಾಟಕ್ಕೆ ಸಿಗಲಿಲ್ಲವೆಂದು ನಿಟ್ಟುಸಿರು ಬಿಡುವಂತಿಲ್ಲ. ಟೈಮ್‌ಲೈನ್ ಎಳೆದು ನೋಡಿದರೆ ಚಿತ್ರ ಅಲ್ಲೇ ಇರುತ್ತದೆ.

ಪಾಸ್‌ವರ್ಡ್, ಕಾರ್ಡ್ ಸಂಖ್ಯೆಗಳನ್ನು ಉಳಿಸದಂತೆ ತಡೆಯುವ ಸೋಸುವಿಕೆ ಇದೆ, ಆದರೆ ಅದು ಸಂದರ್ಭ ನೋಡಿ ಊಹಿಸುತ್ತದೆ. ಪಾವತಿ ಪುಟದ ಸಂಖ್ಯೆಯನ್ನು ತಡೆಯುವ ಅದೇ ಸೋಸುವಿಕೆ, ನೋಟ್‌ಪ್ಯಾಡಿನಲ್ಲಿ ಗೀಚಿಟ್ಟ ಸಂಖ್ಯೆಯನ್ನು ಗುರುತಿಸದೆ ಹೋಗಬಹುದು. ಆದ್ದರಿಂದ ಅದನ್ನು ನಂಬದೆ, ಬ್ಯಾಂಕ್, ಪಾಸ್‌ವರ್ಡ್ ಮ್ಯಾನೇಜರ್, ಆಸ್ಪತ್ರೆಯ ಪುಟಗಳನ್ನು ಹೊರಗಿಡುವ ಪಟ್ಟಿಗೆ ಕೈಯಾರೆ ಸೇರಿಸಬೇಕು.

ದೊಡ್ಡ ಅಪಾಯವಿರುವುದು ಎನ್‌ಕ್ರಿಪ್ಷನ್‌ನಲ್ಲಲ್ಲ. ಸಾಮಾನ್ಯ ಮಾಲ್‌ವೇರ್ ಹೊಕ್ಕ ದಿನದಿಂದ ಮುಂದಿನ ಪರದೆಯನ್ನಷ್ಟೇ ಕದಿಯಬಲ್ಲದು. ರಿಕಾಲ್ ತೆರೆಯುವ ಹಾದಿ ಸಿಕ್ಕವರಿಗೆ ಹಿಂದಿನ ತಿಂಗಳುಗಳೂ ಒಟ್ಟಿಗೆ ಸಿಗುತ್ತವೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಆ ಹಾದಿ ಹೆಚ್ಚಾಗಿ ಮನೆಯೊಳಗಿನದೇ. ಚಾಲೂ ಮಾಡುವಾಗ ಮುಖ ಅಥವಾ ಬೆರಳಚ್ಚು ಕೇಳಿದರೂ, ಆಮೇಲೆ ಪಿನ್‌ನಿಂದಲೂ ತೆರೆಯಬಹುದು. ಜೊತೆಗಿರುವವರಿಗೆ ನಾಲ್ಕಂಕಿಯ ಪಿನ್ ಗೊತ್ತಿದ್ದರೆ ಚಿಪ್‌ನ ಬಲವೆಲ್ಲ ವ್ಯರ್ಥ. ಅಕ್ಷರಗಳೂ ಸೇರಿದ ಉದ್ದದ ಪಿನ್ ಇಡಿ. ಉಳಿಸುವ ಅವಧಿಯನ್ನು ಸೆಟ್ಟಿಂಗ್ಸ್‌ನ 'ಪ್ರೈವೆಸಿ ಅಂಡ್ ಸೆಕ್ಯುರಿಟಿ' ವಿಭಾಗದಲ್ಲಿ 30 ದಿನಕ್ಕೆ ಇಳಿಸಿ. ಬೇಡವೇ ಬೇಡವೆಂದರೆ ವಿಂಡೋಸ್ ಫೀಚರ್‌ಗಳ ಪಟ್ಟಿಯಲ್ಲಿ ರಿಕಾಲ್ ಎದುರಿನ ಟಿಕ್ ತೆಗೆದು ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ.

ಅಳಿಸುವ ವಿಷಯದಲ್ಲಿ ರಿಕಾಲ್ ಪರವಾಗಿಲ್ಲ. ಎಲ್ಲವೂ ಒಂದೇ ಯಂತ್ರದಲ್ಲಿದೆ. ಅವಧಿ, ಆಪ್ ಅಥವಾ ಜಾಲತಾಣದ ಲೆಕ್ಕದಲ್ಲಿ ಅಳಿಸಬಹುದು. ಆದರೆ ನಿಮ್ಮ ಸಂದೇಶ ಓದಿದವರ ಕಂಪ್ಯೂಟರಿನಲ್ಲಿ ರಿಕಾಲ್ ಇದ್ದರೆ, ನೀವು ವಾಪಸ್ ತೆಗೆದುಕೊಂಡ ಸಂದೇಶದ ಚಿತ್ರ ಅಲ್ಲಿ ಉಳಿದಿರಬಹುದು. ಅದನ್ನು ಅಳಿಸುವ ಗುಂಡಿ ನಿಮ್ಮ ಬಳಿ ಇಲ್ಲ.

ಪೆಂಡೆಂಟ್

ನಾಲ್ಕರಲ್ಲಿ ಅತಿ ಕೆಟ್ಟದಾಗಿ ಮರೆಯುವುದು ಇದೇ, ಏಕೆಂದರೆ ಒಂದು ಮಾತಿಗೆ ಹಲವು ಪ್ರತಿಗಳು ಹುಟ್ಟುತ್ತವೆ. ಮೈಕಿನಿಂದ ಬ್ಲೂಟೂತ್ ಮೂಲಕ ಫೋನಿಗೆ, ಅಲ್ಲಿಂದ ಕಂಪನಿಯ ಸರ್ವರ್‌ಗೆ. ಅಲ್ಲಿ ಅಕ್ಷರರೂಪ, ಅದರಿಂದ ಸಾರಾಂಶ, ಅದರಿಂದ ಮಾಡಬೇಕಾದ ಕೆಲಸಗಳ ಪಟ್ಟಿ. ಧ್ವನಿ ಅಳಿಸಿದ ಮಾತ್ರಕ್ಕೆ ಸಾರಾಂಶ ಹೋಯಿತೆಂದುಕೊಳ್ಳಬೇಡಿ. ಸಾರಾಂಶ ಅಳಿಸಿದರೂ ಕ್ಯಾಲೆಂಡರ್‌ಗೆ, ಮೇಲ್‌ಗೆ ದಾಟಿದ ಸಾಲು ಅಲ್ಲೇ ಕೂತಿರುತ್ತದೆ. ಗುರುತುಪದವನ್ನು 'ನಾಳೆ ಗುಬ್ಬಿಲಂಕಾರು ವಿಷಯ ಕೇಳಬೇಕು' ಎಂಬಂತೆ ಕೆಲಸದ ರೂಪದಲ್ಲಿ ಹೇಳಿದರೆ ಈ ಸೋರಿಕೆ ಬೇಗ ಬಯಲಾಗುತ್ತದೆ. ಬೀಗ ಹಾಕಿದ ಫೋನಿನ ಪರದೆಯ ಮೇಲೆ ಸಾರಾಂಶದ ನೋಟಿಫಿಕೇಷನ್ ಮೂಡುವುದನ್ನು ಮೊದಲ ದಿನವೇ ನಿಲ್ಲಿಸಿ.

ಎರಡನೇ ತೊಂದರೆ ಮಾಲೀಕತ್ವ. ಮೈಮೇಲೆ ಧರಿಸುವ ಇಂಥ ರೆಕಾರ್ಡರ್ ಮಾಡುವ ಕಂಪನಿಗಳಲ್ಲಿ ಬೀಯನ್ನು ಅಮೆಜಾನ್, ಲಿಮಿಟ್‌ಲೆಸ್ ಅನ್ನು ಮೆಟಾ 2025ರಲ್ಲಿ ಕೊಂಡವು. ಕೊಳ್ಳುವಾಗ ಓದಿ ಒಪ್ಪಿದ ಗೌಪ್ಯತೆಯ ಷರತ್ತು ಒಬ್ಬರದು, ನೆನಪು ಈಗ ಇರುವುದು ಇನ್ನೊಬ್ಬರಲ್ಲಿ. ಇಂಥ ಸಾಧನ ಇಟ್ಟುಕೊಂಡವರು ಡೇಟಾ ಎಕ್ಸ್‌ಪೋರ್ಟ್ ಮಾಡಿ ಸರ್ವರಿನದನ್ನು ಅಳಿಸುವ ಅಭ್ಯಾಸವನ್ನು ಮಾರಾಟದ ಸುದ್ದಿ ಬರುವ ಮುಂಚೆಯೇ ಹಾಕಿಕೊಳ್ಳಬೇಕು.

ಮೂರನೆಯದು, ಎದುರಿಗಿರುವವರು. ಜರ್ಮನಿಯಲ್ಲಿ ಖಾಸಗಿ ಮಾತನ್ನು ಅನುಮತಿಯಿಲ್ಲದೆ ರೆಕಾರ್ಡ್ ಮಾಡುವುದು ಅಪರಾಧ. ಕ್ಯಾಲಿಫೋರ್ನಿಯಾದಲ್ಲಿ ಗೋಪ್ಯ ಸಂಭಾಷಣೆಗೆ ಎಲ್ಲರ ಒಪ್ಪಿಗೆ ಬೇಕು. ಸಣ್ಣ ದೀಪವೊಂದು ಉರಿಯುತ್ತದೆ ಎಂಬುದು ಒಪ್ಪಿಗೆಯಲ್ಲ. ಅದರ ಮೇಲೆ, ಯಂತ್ರ ಒಬ್ಬರ ಮಾತನ್ನು ಇನ್ನೊಬ್ಬರ ಹೆಸರಿಗೆ ಹಚ್ಚುವುದುಂಟು. ಆಡಿಯೋ ಉಳಿಸದ ಸಾಧನದಲ್ಲಿ ಆ ತಪ್ಪನ್ನು ತಾಳೆ ನೋಡಲು ಏನೂ ಇರುವುದಿಲ್ಲ. ಗೌಪ್ಯತೆಗೆ ಒಳ್ಳೆಯದಾದ ಆಯ್ಕೆ ಸತ್ಯಕ್ಕೆ ಒಳ್ಳೆಯದಾಗದ ಜಾಗ ಇದು.

ಪರ್ಯಾಯವಿದೆ. ಕೇಳಿ ಒಪ್ಪಿಗೆ ಪಡೆದು, ಫೋನಿನ ಸಾದಾ ರೆಕಾರ್ಡರ್‌ನಲ್ಲಿ ಮುದ್ರಿಸಿ, ಕಂಪ್ಯೂಟರ್‌ಗೆ ಹಾಕಿ, ಎಫ್‌ಎಫ್‌ಎಂಪೆಗ್ ಎಂಬ ಆಡಿಯೋ ಪರಿವರ್ತಕದಿಂದ 16 ಕಿಲೋಹರ್ಟ್ಸ್, ಒಂದೇ ಚಾನೆಲ್‌ನ 16 ಬಿಟ್ ವೇವ್ ಕಡತವಾಗಿಸಿ. ಗಂಟೆಗೆ ಸುಮಾರು 115 ಎಂಬಿ ಆಗುತ್ತದೆ. ಮಾತನ್ನು ಬರಹವಾಗಿಸುವ ವಿಸ್ಪರ್ ಸಿಪಿಪಿ ಎಂಬ ಪ್ರೋಗ್ರಾಂಗೆ ಕೊಟ್ಟರೆ ಇಂಟರ್ನೆಟ್ ಇಲ್ಲದೆಯೇ ಅಕ್ಷರವಾಗುತ್ತದೆ. ಇಂಗ್ಲಿಷ್‌ಗೆ ಸ್ಮಾಲ್ ಮಾಡೆಲ್ ಸಾಕು, ಕನ್ನಡಕ್ಕೆ ಅದು ತಡವರಿಸುತ್ತದೆ. ಮೌನದ ಜಾಗದಲ್ಲಿ ಆಡದ ವಾಕ್ಯಗಳನ್ನು ಕಟ್ಟುವ ಚಾಳಿ ವಿಸ್ಪರ್‌ಗಿದೆ, ಹಾಗಾಗಿ ಉದ್ದದ ಮೌನಗಳನ್ನು ಮೊದಲೇ ಕತ್ತರಿಸಿ.

ಚಾಟ್‌ಜಿಪಿಟಿ ಮೆಮೊರಿ

ಇಲ್ಲಿ ನೆನಪು ಎರಡು ಕಡೆ ಇದೆ: ಉಳಿಸಿಕೊಂಡ ಮೆಮೊರಿಗಳ ಪಟ್ಟಿ ಒಂದು, ಹಳೆಯ ಚಾಟ್‌ಗಳು ಇನ್ನೊಂದು. ಒಂದನ್ನು ಅಳಿಸಿದರೆ ಇನ್ನೊಂದು ಹೋಗುವುದಿಲ್ಲ. ಎರಡೂ ಕಡೆ ಅಳಿಸಿ, ಹೊಸ ಚಾಟ್‌ನಲ್ಲಿ ಗುರುತುಪದದ ಬಗ್ಗೆ ಕೇಳಿ ಖಚಿತಪಡಿಸಿಕೊಳ್ಳಿ. ಆದರೂ ಕೊನೆಯ ಮಾತು ನಿಮ್ಮದಲ್ಲ: ನ್ಯೂಯಾರ್ಕ್ ಟೈಮ್ಸ್ ಹೂಡಿದ ಮೊಕದ್ದಮೆಯಲ್ಲಿ 2025ರ ಮೇನಲ್ಲಿ ಬಂದ ನ್ಯಾಯಾಲಯದ ಆದೇಶದಿಂದಾಗಿ, ಬಳಕೆದಾರರು ಅಳಿಸಿದ ಚಾಟ್‌ಗಳನ್ನೂ ಚಾಟ್‌ಜಿಪಿಟಿಯ ಒಡೆಯ ಕಂಪನಿ ಓಪನ್‌ಎಐ ಕೆಲವು ತಿಂಗಳು ಉಳಿಸಿಡಬೇಕಾಯಿತು.

ಇನ್ನೊಂದು ವಿಚಿತ್ರ ಅಪಾಯ ಇದಕ್ಕಿದೆ, ಹೊರಗಿನವರು ನೆನಪನ್ನು ಕದಿಯುವುದಲ್ಲ, ಸೇರಿಸುವುದು. ಭದ್ರತಾ ಸಂಶೋಧಕ ಜೋಹಾನ್ ರೆಹ್‌ಬರ್ಗರ್ 2024ರಲ್ಲಿ ತೋರಿಸಿದಂತೆ, ಜಾಲಪುಟದಲ್ಲಿ ಅಡಗಿಸಿಟ್ಟ ಸೂಚನೆಯೊಂದು ಮೆಮೊರಿಗೆ ಹೊಕ್ಕು ಮುಂದಿನ ಮಾತುಕತೆಗಳನ್ನೆಲ್ಲ ಹೊರಗೆ ಕಳಿಸುವಂತೆ ಮಾಡಬಹುದಿತ್ತು. ಆ ದಾರಿ ಮುಚ್ಚಿದ್ದಾರೆ. ಮೆಮೊರಿ ಪಟ್ಟಿಯನ್ನು ಆಗಾಗ ತೆರೆದು, ನೀವು ಹೇಳದ ಸಾಲುಗಳಿವೆಯೇ ನೋಡುವ ಅಗತ್ಯ ಮಾತ್ರ ಮುಚ್ಚಿಲ್ಲ. ಅಪರಿಚಿತ ಕಡತ, ಕೊಂಡಿ ಓದಿಸುವಾಗ ಮೆಮೊರಿಗೆ ಏನೂ ಸೇರಿಸದ ಟೆಂಪರರಿ ಚಾಟ್ ಬಳಸಿ.

ಟಿಪ್ಪಣಿ

ನೆನಪಿಡುವುದರಲ್ಲಿ ಇದು ಕಡೆಯ ಸ್ಥಾನ, ನೀವು ಬರೆದಷ್ಟೇ. ಮರೆಯುವುದರಲ್ಲಿ ಮೊದಲನೆಯದು, ಸರಿಯಾಗಿ ಕಟ್ಟಿಕೊಂಡರೆ. ಜಾಪ್ಲಿನ್ ಎಂಬ ಟಿಪ್ಪಣಿ ಆಪ್‌ನಲ್ಲಿ ಎಂಡ್ ಟು ಎಂಡ್ ಎನ್‌ಕ್ರಿಪ್ಷನ್ ನೀವೇ ಚಾಲೂ ಮಾಡಬೇಕು. ಮಾಡಿದ ಮೇಲೂ ನಿಮ್ಮ ಡಿಸ್ಕಿನಲ್ಲಿರುವ ಪ್ರತಿ ಬೀಗವಿಲ್ಲದೆಯೇ ಇರುತ್ತದೆ, ಆದ್ದರಿಂದ ಡಿಸ್ಕ್ ಎನ್‌ಕ್ರಿಪ್ಷನ್ ಕಡ್ಡಾಯ. ಇನ್ನೊಂದು ಟಿಪ್ಪಣಿ ಆಪ್ ಆದ ಅಬ್ಸಿಡಿಯನ್‌ಗೆ ಹೊರಗಿನವರು ಬರೆದ ಪ್ಲಗಿನ್‌ಗಳಿಗೆ ನಿಮ್ಮ ಕಡತಗಳನ್ನು ಓದುವ ಪೂರ್ಣ ಅಧಿಕಾರ ಇರುತ್ತದೆ. ನಮ್ಮ ಮಟ್ಟಿಗೆ ಪ್ಲಗಿನ್ ಇಲ್ಲದ ಅಬ್ಸಿಡಿಯನ್, ವೆರಾಕ್ರಿಪ್ಟ್ ಕಂಟೇನರ್ (ಪಾಸ್‌ಫ್ರೇಸ್‌ನಿಂದ ಮಾತ್ರ ತೆರೆಯುವ, ಪೆಟ್ಟಿಗೆಯಂಥ ಕಡತ) ಒಳಗೆ, ಎಲ್ಲಕ್ಕಿಂತ ನೆಮ್ಮದಿ. ಬರಿ ಅಕ್ಷರಗಳಿಗೆ 2 ಜಿಬಿ ಕಂಟೇನರ್ ಧಾರಾಳ. ಕೆಲಸವಿಲ್ಲದೆ 15 ನಿಮಿಷ ಕಳೆದರೆ ತಾನಾಗಿ ಮುಚ್ಚುವಂತೆ ಹೊಂದಿಸಿ, ಏಕೆಂದರೆ ತೆರೆದಿರುವಷ್ಟು ಹೊತ್ತು ಯಾವ ಪ್ರೋಗ್ರಾಂ ಬೇಕಾದರೂ ಅದನ್ನು ಓದಬಲ್ಲದು.

ಎಸ್‌ಎಸ್‌ಡಿಯಲ್ಲಿ ಒಂದೇ ಕಡತವನ್ನು ಅಳಿಸಿ ಮೇಲೆ ಬರೆದರೂ ಹಳೆಯದು ಹೋಯಿತೆಂಬ ಖಾತ್ರಿಯಿಲ್ಲ. ಒಂದೇ ಜಾಗ ಸವೆಯದಿರಲೆಂದು ಡ್ರೈವ್ ಹೊಸ ಬರಹವನ್ನು ಬೇರೆ ಜಾಗಕ್ಕೆ ಹಾಕುತ್ತದೆ. ಕಂಟೇನರ್‌ಗೆ ಬಲವಾದ ಪಾಸ್‌ಫ್ರೇಸ್ ಇದ್ದರೆ ಆ ಅವಶೇಷವೂ ಎನ್‌ಕ್ರಿಪ್ಟ್ ಆದ ಕಸ ಅಷ್ಟೇ. ಪಾಸ್‌ಫ್ರೇಸ್ ಮರೆತರೆ ನಿಮಗೂ ಅದು ಕಸವೇ, ಮರಳಿ ಪಡೆಯುವ ದಾರಿಯಿಲ್ಲ. ಕಾಗದದಲ್ಲಿ ಬರೆದು ಕಂಪ್ಯೂಟರಿನಿಂದ ದೂರ ಇಡಿ, ಕಂಟೇನರ್ ತೆರೆಯಲು ಬೇಕಾದ ಹೆಡರ್ ಭಾಗದ ಬ್ಯಾಕಪ್ ಬೇರೆ ಡ್ರೈವ್‌ನಲ್ಲಿರಲಿ. ರಿಕಾಲ್ ಇರುವ ಯಂತ್ರದಲ್ಲಿ ಈ ಟಿಪ್ಪಣಿ ತೆರೆಯುವವರು ಟಿಪ್ಪಣಿ ಆಪ್ ಅನ್ನು ಮೊದಲು ಹೊರಗಿಡುವ ಪಟ್ಟಿಗೆ ಸೇರಿಸಿ. ಇಲ್ಲದಿದ್ದರೆ ಬೀಗದೊಳಗಿನ ಪುಟ ತೆರೆದ ಕೆಲವೇ ಸೆಕೆಂಡಿಗೆ ಅದರ ಚಿತ್ರ ಇನ್ನೊಂದು ಕಡೆ ಜಮೆಯಾಗಿರುತ್ತದೆ.